ಲಾಭ ಪಾಂಚಮ್ ಎಂಬ ಅಗಳಿ

ಅಹಮದಾಬಾದ್
ಸೆಪ್ಟೆಂಬರ್ 8, 2025

ಮಾನ್ಯ ಜಲಜಾ ಮೇಡಂ,

ಸೂರತ್ ಬಳಿಯ ಸಚಿನ್ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಗಿರಣಿಗೆ ಎರಡನೆಯ ತೂಕದ ಯಂತ್ರ ಬರಲಿದೆ. ಇಂದು ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಇದನ್ನು ತಿಳಿಸಿದವರು ನಮ್ಮ ತಂಡದ ಮುಖ್ಯಸ್ಥ ಕಿಶೋರ್‌ಭಾಯಿ.

ನೀವು ನನ್ನನ್ನು ಕಂಡಿಲ್ಲ. ನನ್ನ ಹೆಸರು ಅರ್ಚಿತಾ. ನೀವು ಬಿಟ್ಟುಹೋದ ಕಂಪನಿಯಲ್ಲಿ ಮೇ ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಆ ಗಿರಣಿಯ ಕಲರ್ ಕಿಚನ್‌ಗೆ, ಅಂದರೆ ಬಣ್ಣದ ಪುಡಿ ತೂಗಿ ಬೆರೆಸುವ ಕೋಣೆಗೆ, ನೀವು ಬರೆದ ಪ್ರೋಗ್ರಾಂ ಈಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ತೂಕದ ಯಂತ್ರದೊಂದಿಗೆ ಮಾತಾಡುವ ಭಾಗಕ್ಕೆ, ಅಂದರೆ ಆ ಕ್ಲಾಸಿಗೆ, ‘ತಕ್ಕಡಿ’ ಎಂದು ಹೆಸರಿದೆ. ಇಲ್ಲಿ ಎಲ್ಲರೂ ಅದನ್ನು ಇಟಲಿಯ ಯಾವುದೋ ಕಂಪನಿಯ ಹೆಸರೆಂದು ತಿಳಿದಿದ್ದಾರೆ. ಹೊಸದಾಗಿ ಸೇರಿದವರಿಗೆ ಕಿಶೋರ್‌ಭಾಯಿ ಹಾಗೆಂದೇ ಪರಿಚಯ ಮಾಡಿಕೊಡುತ್ತಾರೆ. ಆ ತಕ್ಕಡಿಯನ್ನು ಕೇಳಿ ಪಡೆಯುವ ಫಂಕ್ಷನ್ನಿನ ಹೆಸರು ‘ಕೊಡಿ’ ಎಂದು ನೋಡಿದಾಗ ನಾನು ಕುರ್ಚಿಯಲ್ಲೇ ನಕ್ಕೆ. ನನ್ನ ತಂದೆ ದಿವಾಕರ ರೈಲ್ವೆಯಲ್ಲಿದ್ದವರು. ವಡೋದರಾದ ಕನ್ನಡ ಬಳಗದ ಶಕುಂತಲಾ ಅವರನ್ನು ಕೇಳಿ ನಿಮ್ಮ ಈ ಇಮೇಲ್ ವಿಳಾಸ ಹುಡುಕಿಕೊಟ್ಟರು.

ನನ್ನ ಪ್ರಶ್ನೆ ಇದು. ನೀವು ತಕ್ಕಡಿಯನ್ನು ಸಿಂಗಲ್‌ಟನ್ ಮಾಡಿದ್ದೀರಿ. ಇಡೀ ಪ್ರೋಗ್ರಾಮಿನಲ್ಲಿ ಆ ಕ್ಲಾಸಿನ ಆಬ್ಜೆಕ್ಟ್ ಒಂದೇ. ಕನ್‌ಸ್ಟ್ರಕ್ಟರ್ ಪ್ರೈವೇಟ್, ಅಂದರೆ ಹೊರಗಿನವರು ಯಾರೂ ಇನ್ನೊಂದನ್ನು ಹುಟ್ಟಿಸುವಂತಿಲ್ಲ. ಬೇಕಾದವರು ‘ಕೊಡಿ’ ಎಂದು ಕೇಳಿದರೆ ಎಲ್ಲರಿಗೂ ಸಿಗುವುದು ಅದೇ ಒಂದು. ನಾನು ಓದಿದ ಪುಸ್ತಕಗಳು ಈ ವಿನ್ಯಾಸವನ್ನು ಬೈಯುತ್ತವೆ. ಈಗ ಯಂತ್ರಗಳು ಎರಡಾಗುತ್ತಿವೆ. ಇದನ್ನು ಕಿತ್ತು ಹೊಸದಾಗಿ ಬರೆಯಬೇಕೇ?

ಅಕ್ಟೋಬರ್ ಕೊನೆಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ. ನನ್ನನ್ನು ಉಳಿಸಿಕೊಳ್ಳುವರೋ ಇಲ್ಲವೋ ಎಂಬುದು ಈ ಕೆಲಸದ ಮೇಲೆ ನಿಂತಿದೆ.

ನಮಸ್ಕಾರಗಳೊಂದಿಗೆ,
ಅರ್ಚಿತಾ

(ಕನ್ನಡ ತಿದ್ದಿದವನು ನಾನು. ಮಗಳು ಬರೆದಂತೆ ಬಿಟ್ಟಿದ್ದರೆ ಅರ್ಧ ಗುಜರಾತಿ ಇರುತ್ತಿತ್ತು. – ದಿವಾಕರ)

*

ಗೋರ್ವಾ, ವಡೋದರಾ
ಸೆಪ್ಟೆಂಬರ್ 14, 2025

ಅರ್ಚಿತಾ ಅವರಿಗೆ,

ನಿಮ್ಮ ಪತ್ರ ಇಂದು ನೋಡಿದೆ. ಈ ವಿಳಾಸವನ್ನು ಭಾನುವಾರ ಮಾತ್ರ ತೆರೆಯುತ್ತೇನೆ.

ಪುಸ್ತಕಗಳು ಬೈಯುವುದು ಸರಿ. ಎಲ್ಲಿಂದ ಬೇಕಾದರೂ ಸುಲಭವಾಗಿ ಕೈಗೆ ಸಿಗಲಿ ಎಂಬ ಒಂದೇ ಕಾರಣಕ್ಕೆ ಜನ ಕಂಡದ್ದನ್ನೆಲ್ಲ ಸಿಂಗಲ್‌ಟನ್ ಮಾಡುತ್ತಾರೆ. ಆಮೇಲೆ ಯಾರು ಯಾವುದನ್ನು ಮುಟ್ಟಿದರು ಎಂದು ತಿಳಿಯದೆ ಒದ್ದಾಡುತ್ತಾರೆ. ನನ್ನ ಕಾರಣ ಬೇರೆ. ಹೊರಗೆ, ಸಿಮೆಂಟಿನ ಕಟ್ಟೆಯ ಮೇಲೆ, ಯಂತ್ರ ಒಂದೇ ಇತ್ತು. ಅದಕ್ಕೆ ಯಾರು ಕೇಳಿದರೂ ಉತ್ತರ ಕೊಡುವುದು ಗೊತ್ತು. ಯಾರಿಗೆ ಕೊಡುತ್ತಿದ್ದೇನೆ ಎಂಬುದು ಗೊತ್ತಿಲ್ಲ. ಒಳಗೆ ಎರಡು ತಕ್ಕಡಿ ಹುಟ್ಟಿ ಇಬ್ಬರೂ ಅದನ್ನೇ ಕೇಳಿದರೆ ಕೆಂಪಿನ ತೂಕ ನೀಲಿಯ ಲೆಕ್ಕಕ್ಕೆ ಹೋಗುತ್ತದೆ. ಆ ಲಾಟಿನ ಸೀರೆಯೆಲ್ಲ ಹಾಳು.

ಕೀಳುವ ಅಗತ್ಯವಿಲ್ಲ. ಒಳಗೆ ಬರಲು ಬಾಗಿಲು ಒಂದೇ ಇದೆ, ‘ಕೊಡಿ’. ಬದಲಾವಣೆಯನ್ನು ಅಲ್ಲೇ ಮಾಡಿ. ಯಾವ ಯಂತ್ರ ಎಂದು ಬಾಗಿಲಲ್ಲೇ ಕೇಳಿ, ಒಂದೊಂದು ಯಂತ್ರಕ್ಕೆ ಒಂದೇ ಒಂದು ತಕ್ಕಡಿ ಕೊಟ್ಟರೆ ಸಾಕು.

ಒಂದು ಮಾತು ಕೇಳುತ್ತೇನೆ. ‘ಕೊಡಿ’ಯ ಒಳಗಿನ ಅಗಳಿ ಹಾಗೇ ಇದೆಯಲ್ಲವೇ? ನಿಮ್ಮ ಭಾಷೆಯಲ್ಲಿ ಲಾಕ್.

ಜಲಜಾ

*

ಅಹಮದಾಬಾದ್
ಸೆಪ್ಟೆಂಬರ್ 19, 2025

ಮಾನ್ಯ ಜಲಜಾ ಮೇಡಂ,

ಎರಡು ಯಂತ್ರಗಳ ‘ಕೊಡಿ’ ನಿನ್ನೆ ಸಂಜೆ ಸಿದ್ಧವಾಯಿತು. ಕಿಶೋರ್‌ಭಾಯಿ ಇಂದು ನೋಡಿ ಒಪ್ಪಿದರು.

ತಕ್ಕಡಿಯನ್ನು ಕೇಳುವ ಜಾಗಗಳು ಪ್ರೋಗ್ರಾಮಿನಲ್ಲಿ ನೂರಕ್ಕೂ ಹೆಚ್ಚು ಇವೆ. ಒಂದನ್ನೂ ಮುಟ್ಟಬೇಕಾಗಲಿಲ್ಲ. ನಂಬರು ಹೇಳದೆ ಕೇಳಿದವರಿಗೆ ಹಳೆಯ ಯಂತ್ರ, ನಂಬರು ಹೇಳಿದವರಿಗೆ ಆ ನಂಬರಿನದು. ನಾನು ಎರಡು ವಾರ ಬೇಕೆಂದು ಬರೆದುಕೊಟ್ಟಿದ್ದೆ. ಪಕ್ಕದ ಟೇಬಲ್ಲಿನ ಪೂರ್ವಿ, “ನಿಜವಾಗಿ ಮುಗೀತಾ, ಇಲ್ಲಾ ಮುಗೀತು ಅಂತಿದೀಯಾ?” ಎಂದಳು. ಅವಳಿಗೆ ಆ ಪುಟ ತೋರಿಸಿದೆ. ಓದಿ, “ಇದನ್ನು ಬರೆದವರು ಗಡಿಬಿಡಿಯಲ್ಲಿ ಇರಲಿಲ್ಲ” ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಿಮ್ಮ ಪ್ರೋಗ್ರಾಂ ಓದಿದ ಮೇಲೆ ಬೇರೆಯವರದು ಓದಲು ಕಷ್ಟವಾಗುತ್ತಿದೆ.

ಇಷ್ಟು ಚೆನ್ನಾಗಿ ಬರೆಯುವವರು ಕೆಲಸ ಯಾಕೆ ಬಿಟ್ಟಿರಿ? ಇಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ನಿಮಗೆ ಅನ್ಯಾಯವಾಗಿದ್ದರೆ ಕೇಳಿದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಇದ್ದುಕೊಂಡೂ ಇದೆಲ್ಲ ನಿಮಗೆ ನೆನಪಿರುವುದು ದೊಡ್ಡ ಮಾತು.

ನಿಮ್ಮ,
ಅರ್ಚಿತಾ

*

ಗೋರ್ವಾ, ವಡೋದರಾ
ಅಕ್ಟೋಬರ್ 5, 2025

ಅರ್ಚಿತಾ ಅವರಿಗೆ,

ಉತ್ತರ ತಡವಾಯಿತು. ಒಬ್ಬರ ಅನುಮತಿ ಪಡೆಯಬೇಕಿತ್ತು. ಆ ವಿಷಯ ಈಗ ಬೇಡ.

ಎರಡು ಯಂತ್ರಗಳ ಕೆಲಸ ಸರಿಯಾಗಿದೆ ಎಂದು ನಿಮ್ಮ ವಿವರಣೆಯಿಂದ ತಿಳಿಯಿತು. ಆದರೆ ಅಗಳಿಯ ಬಗ್ಗೆ ಕೇಳಿದ್ದೆ. ನಿಮ್ಮ ಪತ್ರದಲ್ಲಿ ಪೂರ್ವಿ ಇದ್ದಾಳೆ, ಅಗಳಿ ಇಲ್ಲ. ಬಹುಶಃ ಅದು ಯಾಕಿದೆ ಎಂದು ನಾನು ಹೇಳದೆ ಇದ್ದುದರಿಂದ ಹೀಗಾಗಿದೆ.

ನಮ್ಮ ಬಳಗದಲ್ಲಿ ಯುಗಾದಿಗೆ ದೊಡ್ಡ ಪಾತ್ರೆಯಲ್ಲಿ ಸಾರು ಮಾಡುತ್ತೇವೆ. ಒಂದು ವರ್ಷ ಶಕುಂತಲಾ ರುಚಿ ನೋಡಿದರು, ಉಪ್ಪಿಲ್ಲ. ಉಪ್ಪಿನ ಡಬ್ಬಿ ತರಲು ಹೋದರು. ಅಷ್ಟರಲ್ಲಿ ಸಂಧ್ಯಾ ಬಂದು ರುಚಿ ನೋಡಿದಳು, ಉಪ್ಪಿಲ್ಲ. ಅವಳೂ ತರಲು ಹೋದಳು. ಇಬ್ಬರೂ ಸರಿಯಾಗಿಯೇ ನೋಡಿದ್ದರು, ಇಬ್ಬರೂ ಉಪ್ಪು ತಂದು ಹಾಕಿದರು. ಸಾರನ್ನು ಮಾತ್ರ ಯಾರಿಗೂ ಬಾಯಿಗಿಡಲಾಗಲಿಲ್ಲ. ಶಕುಂತಲಾ ಈಗಲೂ ಸಂಧ್ಯಾಳ ಕೈಯೇ ಉಪ್ಪು ಎನ್ನುತ್ತಾರೆ, ಸಂಧ್ಯಾ ಇವರದು ಎನ್ನುತ್ತಾಳೆ.

ಮರುವರ್ಷದಿಂದ ನಿಯಮ ಮಾಡಿಕೊಂಡೆವು. ಸೌಟು ಒಂದೇ. ಉಪ್ಪು ಹಾಕಬೇಕೆನ್ನುವವರು ಮೊದಲು ಸೌಟು ಕೈಗೆ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಇನ್ನೊಮ್ಮೆ ರುಚಿ ನೋಡಬೇಕು. ಆಗಲೂ ಇಲ್ಲದಿದ್ದರೆ ಹಾಕಬೇಕು. ಉಪ್ಪು ಆಗಲೇ ಬಿದ್ದಿದೆ ಎಂದು ಕಂಡವರು ಸೌಟಿಗಾಗಿ ಕಾಯುವ ಕೆಲಸವಿಲ್ಲ, ಬಡಿಸಿಕೊಂಡು ಹೋಗಬಹುದು.

‘ಕೊಡಿ’ಯಲ್ಲಿ ಇರುವುದು ಇಷ್ಟೇ. ತಕ್ಕಡಿ ಹುಟ್ಟಿದೆಯೇ ಎಂದು ಒಮ್ಮೆ ನೋಡು. ಇಲ್ಲದಿದ್ದರೆ ಅಗಳಿ ಹಾಕು. ಇನ್ನೊಮ್ಮೆ ನೋಡು. ಆಗಲೂ ಇಲ್ಲದಿದ್ದರೆ ಮಾತ್ರ ಹುಟ್ಟಿಸು. ಓದುವವರಿಗೆ ಎರಡನೆಯ ನೋಟ ದಡ್ಡತನದಂತೆ ಕಾಣುತ್ತದೆ. ಅದನ್ನು ತೆಗೆದರೆ ಅಗಳಿ ಇದ್ದೂ ಇಲ್ಲದಂತೆ.

ಆ ಅಗಳಿಯ ಹೆಸರು ‘ಲಾಭ ಪಾಂಚಮ್’ ಎಂದಿಟ್ಟಿದ್ದೆ. ದೇವರ ಹೆಸರಿನಂತೆ ಇಟ್ಟದ್ದಲ್ಲ. ಪ್ರೋಗ್ರಾಮಿನ ಒಂದು ಸಾಲನ್ನೂ ಬರೆಯುವ ಮೊದಲು, ಆ ವರ್ಷದ ಲಾಭ ಪಾಂಚಮ್ ದಿನ ನಾನು ಸಚಿನ್‌ಗೆ ಹೋಗಿ ಕಲರ್ ಕಿಚನ್ನಿನ ಮೂಲೆಯಲ್ಲಿ ನಿಂತಿದ್ದೆ. ದೀಪಾವಳಿಗೆ ಮುಚ್ಚಿದ ಗಿರಣಿ ತೆರೆಯುವುದು ಆ ದಿನ. ಮೇಲ್ವಿಚಾರಕ ರಾಘವಭಾಯಿ ತೆಂಗಿನಕಾಯಿ ಒಡೆದರು. ಮುಹೂರ್ತದ ಗಳಿಗೆಗೆ ಪ್ರತಿಯೊಬ್ಬನೂ ತನ್ನ ತನ್ನ ಬೆರೆಸುವ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ದೀಪಾವಳಿಯ ನಂತರದ ಗುಜರಾತಿ ಹೊಸ ವರ್ಷವನ್ನು ಎರಡನೆಯವನಾಗಿ ಶುರು ಮಾಡಲು ಯಾರಿಗೂ ಇಷ್ಟವಿಲ್ಲ. ಎಲ್ಲರೂ ಒಟ್ಟಿಗೆ ಒತ್ತಿದರು.

ವರ್ಷದ ಉಳಿದ ದಿನ ಹೀಗಾಗುವುದಿಲ್ಲ. ಒಬ್ಬ ಬಂದು ಒತ್ತುತ್ತಾನೆ, ಉಳಿದವರು ಇನ್ನೂ ಚಹಾ ಕುಡಿಯುತ್ತಿರುತ್ತಾರೆ. ಪ್ರೋಗ್ರಾಮನ್ನು ಓಡಿಸಿ ನೋಡುವ ನಿಮ್ಮ ಪರೀಕ್ಷೆಗಳೂ ಒಂದೊಂದಾಗಿ ಕೇಳುತ್ತವೆ, ಎಲ್ಲ ಸರಿ ಎಂದು ಹಸಿರು ತೋರಿಸುತ್ತವೆ. ಕಿಚನ್ನಿನಲ್ಲಿ ಈಗ ಏಳು ಪರದೆಗಳಿವೆ ಎಂದು ಕೇಳಿದ್ದೇನೆ. ಏಳೂ ಒಂದೇ ಪ್ರೋಗ್ರಾಮನ್ನು ಕೇಳುತ್ತವೆ. ತಕ್ಕಡಿ ಹುಟ್ಟುವಾಗ ಯಂತ್ರ ಸೊನ್ನೆಗೆ ಬರುವವರೆಗೆ ಕಾಯುತ್ತದೆ. ಅಷ್ಟು ಹೊತ್ತು ಬಾಗಿಲು ತೆರೆದೇ ಇದ್ದರೆ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಈ ವರ್ಷ ಲಾಭ ಪಾಂಚಮ್ ಅಕ್ಟೋಬರ್ 26ಕ್ಕೆ.

ಜಲಜಾ

*

ಅಹಮದಾಬಾದ್
ಅಕ್ಟೋಬರ್ 11, 2025

ಜಲಜಾ ಮೇಡಂ,

ಅಗಳಿ ಇಲ್ಲ. ತೆಗೆದವಳು ನಾನು, ಆಗಸ್ಟಿನಲ್ಲಿ.

ನಿಮಗೆ ಮೊದಲ ಪತ್ರ ಬರೆಯುವಾಗಲೇ ಅದು ಹೋಗಿತ್ತು. ಆಗ ಕಿಶೋರ್‌ಭಾಯಿ ಹಳೆಯ ಪ್ರೋಗ್ರಾಮುಗಳನ್ನು ಚೊಕ್ಕ ಮಾಡಲು ಹೇಳಿದ್ದರು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವ ಸಾಲು ಕಂಡಿತು. ಪಕ್ಕದಲ್ಲಿ ‘ಲಾಭ ಪಾಂಚಮ್’ ಎಂಬ ಹೆಸರು. ಇಲ್ಲಿ ಪ್ರತಿ ಅಂಗಡಿಯ ಹೊಸ್ತಿಲಲ್ಲಿ ಲಾಭ ಎಂದು ಕುಂಕುಮದಲ್ಲಿ ಬರೆದಿರುತ್ತದೆ. ನಾನು ಇಲ್ಲೇ ಬೆಳೆದವಳು, ಅದನ್ನು ನೋಡಿಯೇ ಶಾಲೆಗೆ ಹೋದವಳು. ಗಿರಣಿಯವರನ್ನು ಮೆಚ್ಚಿಸಲು ಯಾರೋ ಶುಭದ ಗುರುತು ಹಾಕಿದ್ದಾರೆ ಎಂದುಕೊಂಡೆ. ಅಳಿಸುವ ಮೊದಲು ಮನಸ್ಸಿನಲ್ಲೇ ಕೈಮುಗಿದೆ. ಪರೀಕ್ಷೆ ಎಲ್ಲ ಹಸಿರು. ಕಿಶೋರ್‌ಭಾಯಿ ಒಪ್ಪಿದರು, ಚೊಕ್ಕವಾಗಿದೆ ಎಂದು ಎಲ್ಲರ ಮುಂದೆ ಹೊಗಳಿದರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅದು ಸಚಿನ್‌ಗೆ ಹೋಯಿತು. ಈಗ ಅಲ್ಲಿ ಓಡುತ್ತಿರುವುದು ಅದೇ.

ನೀವು ಕೇಳಿದಾಗ ಉತ್ತರ ಕೊಡಲಿಲ್ಲ. ಸಿಂಗಲ್‌ಟನ್ ಬಗ್ಗೆ ನಿಮ್ಮ ಮುಂದೆ ಪುಸ್ತಕದ ಮಾತು ಆಡಿದವಳು ನಾನು.

ಗಿರಣಿ 18ಕ್ಕೆ ದೀಪಾವಳಿಗೆ ಮುಚ್ಚುತ್ತದೆ. ಅದಾದ ಮೇಲೆ ಮುಹೂರ್ತದವರೆಗೆ ಅಲ್ಲಿನ ಕಂಪ್ಯೂಟರನ್ನು ಯಾರೂ ಮುಟ್ಟಲು ಬಿಡುವುದಿಲ್ಲ. ವರ್ಷದ ಮೊದಲ ಲಾಟು ಕೆಟ್ಟರೆ ಅವರು ಅದನ್ನು ಬರೀ ಬಟ್ಟೆ ಹಾಳಾಯಿತು ಎಂದು ಬಿಡುವವರಲ್ಲ. ಎರಡು ಯಂತ್ರಗಳ ಹೊಸ ‘ಕೊಡಿ’ ಬರುವ ವಾರ ಅಲ್ಲಿಗೆ ಹೋಗಲಿದೆ. ಅದರ ಜೊತೆಗೇ ಅಗಳಿಯನ್ನೂ ಸದ್ದಿಲ್ಲದೆ ಸೇರಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಿಶೋರ್‌ಭಾಯಿಗೆ ಹೇಳಿದರೆ ನನ್ನ ಕೆಲಸ ಉಳಿಯುವುದಿಲ್ಲ.

ಈ ಪತ್ರವನ್ನು ಅಪ್ಪನಿಗೆ ತೋರಿಸಿಲ್ಲ. ತಪ್ಪುಗಳಿದ್ದರೆ ನನ್ನವೇ.

ಅರ್ಚಿತಾ

*

ಗೋರ್ವಾ, ವಡೋದರಾ
ಅಕ್ಟೋಬರ್ 12, 2025

ಅರ್ಚಿತಾ,

ನಾಳೆ ಬೆಳಿಗ್ಗೆ ಕಿಶೋರ್‌ಗೆ ಹೇಳು. ಸದ್ದಿಲ್ಲದೆ ಸೇರಿಸಬೇಡ. ಯಾಕಿದೆ ಎಂದು ತಿಳಿಯದ ಅಗಳಿಯನ್ನು ಮುಂದೆ ಬರುವ ಇನ್ನೊಬ್ಬಳು ಮತ್ತೆ ತೆಗೆಯುತ್ತಾಳೆ, ಬಹುಶಃ ಕೈಮುಗಿಯದೆ.

ಬರೀ ಬಾಯಲ್ಲಿ ಹೇಳಬೇಡ, ಅವರ ಕಣ್ಣ ಮುಂದೆ ಮುಹೂರ್ತ ಮಾಡಿ ತೋರಿಸು. ಪರದೆಗೊಂದರಂತೆ ಒಟ್ಟಿಗೆ ಓಡುವ ಏಳು ಥ್ರೆಡ್ಡುಗಳನ್ನು ಒಂದು ಗೆರೆಯ ಹಿಂದೆ ತಡೆದು ನಿಲ್ಲಿಸು. ಏಳೂ ಬಂದು ನಿಂತಾದ ಮೇಲೆ ಒಟ್ಟಿಗೆ ಬಿಡು. ಪ್ರತಿಯೊಂದೂ ‘ಕೊಡಿ’ ಎನ್ನಲಿ. ಕೈಗೆ ಬಂದ ತಕ್ಕಡಿಗಳಲ್ಲಿ ಬೇರೆ ಬೇರೆ ಎಷ್ಟು ಎಂದು ಎಣಿಸು. ನಿಜವಾದ ಯಂತ್ರ ಬೇಕಿಲ್ಲ, ಸೊನ್ನೆಗೆ ಬರಲು ಅದು ತೆಗೆದುಕೊಳ್ಳುವಷ್ಟು ಹೊತ್ತು ಕಾಯುವ ನಕಲಿ ಸಾಕು. ಆಮೇಲೆ ಅಗಳಿ ಹಾಕಿ ಅದೇ ಪರೀಕ್ಷೆ ಓಡಿಸು. ಎರಡು ಯಂತ್ರಕ್ಕೂ ಅದೇ ಅಗಳಿ.

ತಕ್ಕಡಿಯನ್ನು ಇಟ್ಟುಕೊಳ್ಳುವ ಸಾಲಿನಲ್ಲಿ ‘ವೊಲಟೈಲ್’ ಎಂಬ ಪದವಿತ್ತು. ಅದನ್ನೂ ಚೊಕ್ಕ ಮಾಡಿದ್ದರೆ ವಾಪಸ್ ಹಾಕು. ಅದಿಲ್ಲದಿದ್ದರೆ ಅರ್ಧ ಕಟ್ಟಿದ ತಕ್ಕಡಿಯನ್ನು ಇನ್ನೊಬ್ಬ ಪೂರ್ತಿ ಎಂದು ತಿಳಿದು ಎತ್ತಿಕೊಂಡು ಹೋಗಬಹುದು.

ನಿನ್ನ ಕನ್ನಡದಲ್ಲಿ ನಾಲ್ಕು ತಪ್ಪಿವೆ. ಪತ್ರ ಚೆನ್ನಾಗಿದೆ.

ಜಲಜಾ

*

ಅಹಮದಾಬಾದ್
ಅಕ್ಟೋಬರ್ 16, 2025

ಜಲಜಕ್ಕ,

ಅಗಳಿ ಇರುವ ಪ್ರೋಗ್ರಾಂ ಇಂದು ಸಚಿನ್‌ಗೆ ಹೋಯಿತು. ಹಾಕಿ ಆಯಿತು ಎಂದು ಅಲ್ಲಿಂದ ಮಧ್ಯಾಹ್ನ ಫೋನ್ ಮಾಡಿದವರು ರಾಘವಭಾಯಿ.

ಸೋಮವಾರವೇ ಹೇಳಿದೆ. ಕಿಶೋರ್‌ಭಾಯಿ ಪೂರ್ತಿ ನಂಬಲಿಲ್ಲ. ಪರೀಕ್ಷೆ ಬರೆಯಲು ಮಂಗಳವಾರ ಇಡೀ ದಿನ ಹಿಡಿಯಿತು. ನಿನ್ನೆ ಅವರನ್ನು ನನ್ನ ಟೇಬಲ್ಲಿಗೆ ಕರೆದೆ.

“ಇದೇನಿದು?”

“ಮುಹೂರ್ತ.”

“ಲಾಭ ಪಾಂಚಮ್‌ಗೆ ಇನ್ನೂ ದಿನ ಇದೆಯಲ್ಲ.”

“ಅದಕ್ಕೇ ಈಗ ಮಾಡ್ತಿದೀನಿ.”

ಓಡಿಸಿದೆ. ಪರದೆಯಲ್ಲಿ ಏಳು ಎಂದು ಬಂತು. ಇನ್ನೊಮ್ಮೆ ಓಡಿಸು ಎಂದರು. ಮತ್ತೆ ಏಳು. ಕುರ್ಚಿ ಎಳೆದುಕೊಂಡು ಕೂತರು.

“ಗಿರಣಿಯವರು ಕೊಂಡಿದ್ದು ಒಂದು. ನಾವು ಏಳು ಕೊಟ್ಟಿದೀವಿ. ಬಹಳ ಉದಾರಿಗಳು ನಾವು,” ಎಂದರು. ಪೂರ್ವಿ ನಕ್ಕಳು, ಅವರು ನಗಲಿಲ್ಲ. ನಾನು ಅಗಳಿ ಹಾಕಿ ಓಡಿಸಿದೆ. ಒಂದು. ಮತ್ತೆ ಓಡಿಸಿದೆ. ಒಂದು.

“ಇದನ್ನು ತೆಗೆಯೋಕೆ ಒಪ್ಪಿಗೆ ಕೊಟ್ಟವರು ಯಾರು?”

“ನೀವು.”

“ಬೇರೆ ಯಾರ ಹೆಸರಾದರೂ ಹೇಳಬಹುದಿತ್ತು,” ಎಂದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ, ಪರೀಕ್ಷೆ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ತಕ್ಕಡಿ ಬರೆದವರು ಎಂದೆ.

“ಇಟಲಿಗೆ ಫೋನ್ ಮಾಡಿದೆಯಾ?”

ಆಗ ನಿಮ್ಮ ಹೆಸರು ಹೇಳಿದೆ, ತಕ್ಕಡಿ ಅಂದರೆ ಏನೆಂದೂ ಹೇಳಿದೆ. “ಆರು ವರ್ಷ ನಾನು ಎಲ್ಲರಿಗೂ ಇಟಲಿ ಅಂತಿದ್ದೆ. ಅವರು ಇಲ್ಲಿದ್ದಾಗಲೂ ಅವರ ಮುಂದೆಯೇ ಅಂದಿದೀನಿ. ಒಂದು ಸಲವೂ ತಿದ್ದಲಿಲ್ಲ,” ಎಂದರು.

ನನ್ನ ಕೆಲಸದ ಬಗ್ಗೆ ಲಾಭ ಪಾಂಚಮ್ ಆದ ಮೇಲೆ ನೋಡೋಣ ಎಂದಿದ್ದಾರೆ. ಆ ದಿನ ನಾನೇ ಸಚಿನ್‌ನಲ್ಲಿ ನಿಂತಿರಬೇಕಂತೆ. ಪರೀಕ್ಷೆಗೆ ‘ಮುಹೂರ್ತ’ ಎಂದೇ ಹೆಸರಿಟ್ಟಿದ್ದೇನೆ. ಅಗಳಿಯ ಮೇಲೆ ಸಾರಿನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದೇನೆ, ಶಕುಂತಲಾ ಅವರ ಹೆಸರು ಬಿಟ್ಟು.

ಅರ್ಚಿತಾ

*

ಸೂರತ್
ಅಕ್ಟೋಬರ್ 26, 2025

ಜಲಜಕ್ಕ,

ತಕ್ಕಡಿ ಒಂದೇ ಹುಟ್ಟಿತು. ಪ್ರೋಗ್ರಾಮಿನ ದಾಖಲೆಯನ್ನು ನಾನೇ ತೆರೆದು ನೋಡಿದೆ.

ಕಳೆದ ಭಾನುವಾರವೂ ಇಂದೂ ನಿಮ್ಮ ಪತ್ರ ಬರಲಿಲ್ಲ. ಬೇಸರವಾಗಿದೆಯೇನೋ ಎಂದುಕೊಂಡೆ. ಆದರೂ ಈ ಸುದ್ದಿಯನ್ನು ಮೊದಲು ನಿಮಗೇ ಬರೆಯಬೇಕು.

ನೀವು ಬರೆದಂತೆಯೇ ನಡೆಯಿತು. ತೂಕದ ಯಂತ್ರಕ್ಕೆ ಚೆಂಡುಹೂವಿನ ಹಾರ, ಕುಂಕುಮದ ಸ್ವಸ್ತಿಕ. ಏಳು ಜನ, ಏಳು ಹೊಸ ಅಂಗಿ. ರಾಘವಭಾಯಿ ಕೈಗಡಿಯಾರ ನೋಡುತ್ತಾ ನಿಂತಿದ್ದರು. ಒಬ್ಬನ ಬೆರಳು ಆಗಲೇ ಗುಂಡಿಗೆ ತಾಗುತ್ತಿತ್ತು. “ಏ, ಹೋದ ವರ್ಷವೂ ನೀನೇ ಕದ್ದು ಒತ್ತಿದ್ದು,” ಎಂದು ಪಕ್ಕದವನು ಅವನ ಮೊಣಕೈ ಎಳೆದ. ತೆಂಗಿನಕಾಯಿ ಒಡೆಯಿತು. ಎಲ್ಲರೂ ಒತ್ತಿದರು. ಏಳು ಪರದೆಗಳೂ ಕಾಯಿರಿ ಎಂದು ತೋರಿಸಿದವು. ನಾನು ಏಳನ್ನೂ ಒಂದೊಂದಾಗಿ ನೋಡಿದೆ. ಆಮೇಲೆ ಏಳರಲ್ಲೂ ಒಂದೇ ಸೊನ್ನೆ ಬಂತು. ಮೊದಲ ಲಾಟು ಕುಂಕುಮದ ಕೆಂಪು. ಮಧ್ಯಾಹ್ನ ಬಟ್ಟೆ ಹೊರಗೆ ಬಂದಾಗ ರಾಘವಭಾಯಿ ಮಾದರಿಯ ತುಂಡಿನ ಪಕ್ಕದಲ್ಲಿಟ್ಟು, ಬಿಸಿಲಿಗೆ ಹಿಡಿದು, ತಲೆಯಾಡಿಸಿದರು. ಅವರ ಮಟ್ಟಿಗೆ ಏನೂ ಆಗಿಲ್ಲ. ಏನೂ ಆಗದೆ ಇರಲು ನೀವು ಎಷ್ಟು ಮೊದಲು ಈ ಮೂಲೆಯಲ್ಲಿ ನಿಂತಿದ್ದಿರಿ ಎಂಬುದು ನನಗೆ ಮಾತ್ರ ಗೊತ್ತಿತ್ತು. ಅದೇ ಮೂಲೆಯಲ್ಲಿ ನಾನೂ ನಿಂತಿದ್ದೆ.

ನಿಮ್ಮ ಬಗ್ಗೆ ಕೇಳಿದೆ. “ಕರ್ನಾಟಕದ ಬೆನ್, ಆ ಅಕ್ಕ ತಾನೆ? ಅವತ್ತು ಇಡೀ ಬೆಳಿಗ್ಗೆ ನಿಂತು ನೋಡಿದರು. ಯಂತ್ರ ನೋಡಲಿಲ್ಲ, ನಮ್ಮ ಕೈ ನೋಡಿದರು,” ಎಂದರು ರಾಘವಭಾಯಿ. ಹೋದ ವಾರ ನೀವು ಫೋನ್ ಮಾಡಿ ಹೊಸ ಕಟ್ಟೆಯ ಎತ್ತರ ಕೇಳಿದಿರಿ ಎಂದೂ ಹೇಳಿದರು. ಅವರಿಗೆ ಬೇರೆ ಯಾರದೋ ನೆನಪು ಸೇರಿಕೊಂಡಿರಬೇಕು ಎಂದುಕೊಂಡೆ.

ಸಂಜೆ ಕಿಶೋರ್‌ಭಾಯಿ ಫೋನ್ ಮಾಡಿದರು. ಎಷ್ಟು ಹುಟ್ಟಿತು ಎಂದು ಕೇಳಿದರು. ಒಂದು ಎಂದೆ. ನಾಳೆ ಬಂದು ಕಾಯಂ ಆದ ಕಾಗದಕ್ಕೆ ಸಹಿ ಮಾಡು ಎಂದರು.

ನಿಮ್ಮ,
ಅರ್ಚಿತಾ

*

ಗೋರ್ವಾ, ವಡೋದರಾ
ಅಕ್ಟೋಬರ್ 27, 2025

ಪ್ರಿಯ ಅರ್ಚಿತಾ,

ರಾಘವಭಾಯಿಯ ನೆನಪು ಸರಿಯಾಗಿದೆ. ಕಟ್ಟೆಯ ಎತ್ತರ ಕೇಳಿದವಳು ನಾನೇ.

ನಿನ್ನ ಮೊದಲ ಪತ್ರದ ಸುದ್ದಿ ನನಗೆ ಆಗಲೇ ಗೊತ್ತಿತ್ತು. ಎರಡನೆಯ ಯಂತ್ರದ ಆರ್ಡರ್ ಬಂದದ್ದು ಗೋರ್ವಾದ ನಮ್ಮ ಕಾರ್ಖಾನೆಗೆ. ನಾನು ಇಲ್ಲಿ ತೂಕದ ಯಂತ್ರಗಳ ಒಳಗೆ ಕೂರುವ ಪ್ರೋಗ್ರಾಂ ಬರೆಯುತ್ತೇನೆ. ಹಳೆಯ ತಕ್ಕಡಿಯ ಬಗ್ಗೆ ನಿನ್ನೊಂದಿಗೆ ಮಾತಾಡಬಹುದು, ಹೊಸ ಯಂತ್ರದ ಬಗ್ಗೆ, ಅದನ್ನು ಸಾಗಣೆಗೆ ಒಪ್ಪಿಸುವವರೆಗೆ, ಒಂದಕ್ಷರ ಬರೆಯಬಾರದು ಎಂಬ ಷರತ್ತಿನ ಮೇಲೆ ನಮ್ಮ ಮ್ಯಾನೇಜರ್ ಅನುಮತಿ ಕೊಟ್ಟರು. ಆ ಷರತ್ತು ಇಂದಿಗೆ ಮುಗಿಯಿತು. ಕೊನೆಯ ಎರಡು ವಾರ ಸುಮ್ಮನಿದ್ದದ್ದು ಬೇಸರದಿಂದ ಅಲ್ಲ. ನಿನ್ನ ಯಂತ್ರವನ್ನು ಪರೀಕ್ಷಿಸುತ್ತಿದ್ದೆ.

ನನಗೆ ಯಾವ ಅನ್ಯಾಯವೂ ಆಗಲಿಲ್ಲ. ಯಂತ್ರವನ್ನು ಹೊರಗಿನಿಂದ ಕೇಳಿ ಕೇಳಿ ಸಾಕಾಗಿತ್ತು, ಒಳಗಿನಿಂದ ಉತ್ತರ ಕೊಡುವ ಆಸೆಯಾಯಿತು, ಅಷ್ಟೇ. ನೀನು ನನ್ನನ್ನು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವ ಅಜ್ಜಿ ಮಾಡಿದ್ದೆ. ನಿನ್ನ ಪತ್ರ ಓದಿ ನನ್ನ ಗಂಡ ಹಯವದನ ಒಂದು ವಾರ ಹಪ್ಪಳ ಎಲ್ಲಿ ಎಂದು ಕೇಳಿದರು. ನನಗೆ ನಲವತ್ತಮೂರು.

ಅಗಳಿಗೆ ಹೆಸರಿಟ್ಟು ಸುಮ್ಮನಾಗಿದ್ದೆ, ಅಷ್ಟು ಸಾಕು ಎಂದುಕೊಂಡಿದ್ದೆ. ನೀನು ಅದಕ್ಕೊಂದು ಪರೀಕ್ಷೆ ಕಟ್ಟಿದೆ. ಇನ್ನು ಅದನ್ನು ಯಾರು ತೆಗೆದರೂ ಅದೇ ದಿನ ಏಳು ಎಂದು ಕಾಣುತ್ತದೆ. ಈ ಕೆಲಸ ನಾನು ಮಾಡಿರಲಿಲ್ಲ. ಕಿಶೋರ್ ಕೇಳಿದಾಗ ನೀನು ‘ನೀವು’ ಎಂದದ್ದನ್ನು ನಮ್ಮ ಟೇಬಲ್ಲಿನವರಿಗೆಲ್ಲ ಹೇಳಿದ್ದೇನೆ.

ಹೊಸ ಯಂತ್ರ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಉತ್ತರ ಕೊಡುತ್ತದೆ, ಯಾರಿಗೆ ಕೊಡುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತು. ಆದರೂ ಅಗಳಿ ತೆಗೆಯಬೇಡ.

ಯಂತ್ರ ನಾಳೆ ಲಾರಿಯಲ್ಲಿ ಇಲ್ಲಿಂದ ಹೊರಡುತ್ತದೆ. ಜೋಡಣೆ ಬುಧವಾರ, ಅಕ್ಟೋಬರ್ 29, ಬೆಳಿಗ್ಗೆ ಹತ್ತಕ್ಕೆ, ಸಚಿನ್ ಗಿರಣಿಯ ಕಲರ್ ಕಿಚನ್ನಿನಲ್ಲಿ. ನಮ್ಮ ಕಡೆಯಿಂದ ನಾನು ಬರುತ್ತೇನೆ. ನಿಮ್ಮ ಕಡೆಯಿಂದ ಅರ್ಚಿತಾ ಬರುತ್ತಾಳೆ ಎಂದು ಕಿಶೋರ್ ತಿಳಿಸಿದ್ದಾರೆ.

ಜಲಜಾ